ಬುಡಿ ಬಾವ

ನನ್ನ ಹೆಂಡತಿಯ ತಮ್ಮ ನಮ್ಮ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್. ನನ್ನ ಭಾನುವಾರಗಳ ಕಷ್ಟವೆಲ್ಲ ಈ ಒಂದು ವಾಕ್ಯದಲ್ಲೇ ಇದೆ. ಬೇರೆ ಯಾವನಾದರೂ ಕೀಪರ್ ಆಗಿದ್ದರೆ, ಗೋಲು ಬಿದ್ದಾಗ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಇವನಿಗೆ ಬೈದರೆ, ನಾನು ಮೈದಾನದಿಂದ ಮನೆ ಸೇರುವಷ್ಟರಲ್ಲಿ ಆ ಬೈಗುಳ ಫೋನಿನಲ್ಲಿ ನಮ್ಮ ಅಡುಗೆಮನೆ ಸೇರಿ, ಒಗ್ಗರಣೆಯನ್ನೂ ಹಾಕಿಸಿಕೊಂಡು ಕೂತಿರುತ್ತದೆ. ಹಾಗಾಗಿ ನುಂಗಿಕೊಳ್ಳುತ್ತೇನೆ. ನನಗೆ ಹೊಟ್ಟೆ ಬಂದಿರುವುದು ಹೀಗೆ ನುಂಗಿ ನುಂಗಿಯೇ ಎಂದು ನಾನು ನಂಬಿದ್ದೇನೆ, ಡಾಕ್ಟರು ನಂಬುವುದಿಲ್ಲ.

ಚನ್ನರಾಯಪಟ್ಟಣದಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಭಾಮೈದನದು ತೆಂಗಿನಕಾಯಿ ಮಂಡಿ. ವಾರವೆಲ್ಲ ಪೈಪು, ಮೊಳೆ, ನಲ್ಲಿ ಎಂದು ಒದ್ದಾಡಿ ಭಾನುವಾರ ಬಂದರೆ ಬೂಟು ಕಟ್ಟುತ್ತೇನೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ನಮ್ಮೂರು, ಈ ನಾಲ್ಕು ಊರಿನ ಟೀಮುಗಳು ಸೇರಿ ಮಾಡಿಕೊಂಡಿರುವ ಒಂದು ಲೀಗು ಇದೆ. ಲೀಗು ಅಂದ ತಕ್ಷಣ ಟೀವಿಯಲ್ಲಿ ಕಂಡದ್ದನ್ನೆಲ್ಲ ನೆನಪಿಸಿಕೊಳ್ಳಬೇಡಿ. ಹಾಸನದವರಿಗೆ ಮಾತ್ರ ಒಂದೇ ಬಣ್ಣದ ಜೆರ್ಸಿ ಇದೆ. ನಮ್ಮಲ್ಲಿ ನೀಲಿ ಅಂದರೆ ಆಕಾಶದಿಂದ ಹಿಡಿದು ಶಾಯಿಯವರೆಗೆ ಏನೂ ಆಗಬಹುದು.

ನಾನು ಆಡುವುದು ಬ್ಯಾಕ್. ನಮ್ಮ ಗೋಲಿನ ಮುಂದೆ ನಿಂತು, ಬಂದ ಬಾಲನ್ನು ಬಂದ ದಾರಿಗೇ ಒದ್ದು ಕಳಿಸುವ ಕೆಲಸ. ಇಷ್ಟು ವರ್ಷ ಆಡಿದರೂ ನಾನು ಒಂದೇ ಒಂದು ಗೋಲನ್ನೂ ಹೊಡೆದವನಲ್ಲ. ಬ್ಯಾಕ್ ಆಡುವವನಿಗೆ ಅದೇನು ಅವಮಾನದ ಸಂಗತಿಯಲ್ಲ. ಆದರೆ ನಾನೇ ಬಾಯಿ ಬಿಟ್ಟು ಅದನ್ನೊಂದು ದೊಡ್ಡ ಸಂಗತಿ ಮಾಡಿಕೊಂಡೆ.

ಆದದ್ದು ಇಷ್ಟು. ಬಲಗಾಲಿನ ಮಂಡಿ ಊದಿಕೊಂಡು, ಅಂಗಡಿಯಲ್ಲಿ ಏಣಿ ಹತ್ತುವುದಕ್ಕೂ ಆಗದೆ, ಹಾಸನಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಆತ ನನ್ನ ಕಾಲನ್ನು ಹಿಂದೆ ಮುಂದೆ ತಿರುಗಿಸಿ, "ಇನ್ನು ಆಟ ಬಿಡಿ ಸಾರ್" ಅಂದುಬಿಟ್ಟರು. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಅಲ್ಲಿಂದ ಊರು ಮುಟ್ಟುವವರೆಗೆ ಕಾರಿನಲ್ಲಿ ಒಂದೇ ಮಾತು.

"ಡಾಕ್ಟ್ರೇ ಏಳಾಯ್ತಲ್ಲ, ಬುಡಿ ಇನ್ನ. ಮಂಡಿ ಓದ್ಮೇಲೆ ನಿಮ್ಮನ್ನ ಎತ್ಕಂಡು ತಿರುಗೋಳು ನಾನೇ ತಾನೇ?"

"ಬಿಡ್ತೀನಿ ಕಣೇ. ಒಂದು ಗೋಲು ಹೊಡೆದ ದಿನ ಬಿಡ್ತೀನಿ. ನಿನ್ನಾಣೆಗೂ."

"ನನ್ನಾಣೆ ಯಾಕೆ ಆಕ್ತೀರಿ? ಮಂಡಿ ಆಣೆ ಆಕಿ."

ಹಾಕಿದೆ. ಬ್ಯಾಕ್ ಆಡುವವನು ಗೋಲು ಹೊಡೆಯುವುದು ಯಾವ ಕಾಲಕ್ಕೆ ಎಂಬ ಧೈರ್ಯ ನನಗೆ. ಅವಳು ಮಾತ್ರ ಆಣೆಯನ್ನು ಮರೆಯಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಸಂಜೆ ನಾನು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದರೆ ಒಳಗಿನಿಂದ ಒಂದೇ ಪ್ರಶ್ನೆ: "ಒಡುದ್ರಾ?" ಇಲ್ಲ ಅಂದರೆ ಒಂದು ನಿಟ್ಟುಸಿರು, ಮೇಲೆ ಕಾಫಿ.

ನನ್ನ ಸಂಕಟ ಯಾರಿಗೂ ಅರ್ಥವಾಗುವುದಿಲ್ಲ. ಸಾಯುವುದರೊಳಗೆ ಒಂದು ಗೋಲು ಹೊಡೆಯಬೇಕು ಅಂತ ನನಗೆ ನಿಜವಾಗಿಯೂ ಆಸೆ ಇದೆ. ಭಾನುವಾರ ಬೂಟು ಕಟ್ಟದೆ ಮನೆಯಲ್ಲಿ ಕೂರುವುದನ್ನು ನೆನೆಸಿಕೊಂಡರೆ ಎದೆ ಖಾಲಿಯಾಗುವುದೂ ನಿಜ. ಒಂದು ಬೇಕು ಅಂದರೆ ಇನ್ನೊಂದನ್ನು ಕೈಬಿಡಬೇಕು. ಇಂಥ ಸ್ಥಿತಿಯಲ್ಲಿ ಮೈದಾನಕ್ಕೆ ಇಳಿಯುವವನ ಬೆನ್ನ ಹಿಂದೆ ಭಾಮೈದನಂಥ ಭಾಮೈದ ಕೀಪರ್ ಆಗಿ ನಿಂತರೆ ಏನಾಗಬೇಕೋ ಅದೇ ಆಯಿತು.

ಮೊನ್ನೆಯ ಮ್ಯಾಚು ಹೊಳೆನರಸೀಪುರದಲ್ಲಿ. ಮೂರು ಗಂಟೆಗೆ ಅಂದಿದ್ದರು. ಅರಕಲಗೂಡಿನಿಂದ ಬರಬೇಕಾದ ರೆಫರಿ, ಬಸ್ಸು ತಪ್ಪಿತು, ಇನ್ನೊಂದು ಬಸ್ಸು ಹಿಡಿದೆ, ಅದೂ ಕೆಟ್ಟು ನಿಂತಿತು ಎಂದು ಫೋನಿನಲ್ಲೇ ಹರಿಕಥೆ ಮಾಡುತ್ತಿದ್ದರು. ಆತ ರಿಟೈರಾದ ಪೀಟಿ ಮೇಷ್ಟ್ರು, ಬೈಯುವ ಹಾಗಿಲ್ಲ. ಬಿಸಿಲಲ್ಲಿ ನಿಂತು ನಿಂತು ನನ್ನ ಮಂಡಿ ಆಗಲೇ ಮಿಡಿಯುವುದಕ್ಕೆ ಶುರು ಮಾಡಿತ್ತು.

ತಡವಾಗುತ್ತಿದ್ದಂತೆ ನನಗಿಂತ ಹೆಚ್ಚು ಚಡಪಡಿಸಿದವನು ನಮ್ಮ ಫಾರ್ವರ್ಡ್. ಪಾತ್ರೆ ಅಂಗಡಿಯವನು, ಜೈನರ ಹುಡುಗ, ನಮ್ಮ ಟೀಮಿನಲ್ಲಿ ಗೋಲು ಹೊಡೆಯುವ ಗಂಡು ಅಂತ ಇರುವವನು ಅವನೊಬ್ಬನೇ. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅವನೂ ಆ ನೇಮವನ್ನು ಒಂದು ದಿನವೂ ತಪ್ಪಿಸಿದವನಲ್ಲ. ರೆಫರಿ ದಾರಿ ಕಾಯುತ್ತಾ ನಾವೆಲ್ಲ ರಸ್ತೆ ನೋಡುತ್ತಿದ್ದರೆ ಅವನು ಸೂರ್ಯನನ್ನು ನೋಡುತ್ತಿದ್ದ.

"ಅಣ್ಣ, ಈಗಲೇ ಹೇಳಿಬಿಡ್ತೀನಿ. ಹೊತ್ತು ಇಳೀತಾ ಬಂದರೆ ನಾನು ಆಚೆ ಹೋಗಿ ಡಬ್ಬಿ ತೆಗೀತೀನಿ. ಆಮೇಲೆ ಬೈಬೇಡಿ."

"ಇದೇನು ಫುಟ್‌ಬಾಲೋ ಮದುವೆ ಪಂಕ್ತಿಯೋ ಮಾರಾಯ?" ಅಂದೆ. ಅವನು ನಕ್ಕ. ನಗದೆ ಏನು ಮಾಡುತ್ತಾನೆ, ತಪ್ಪು ರೆಫರಿಯದು.

ಕೊನೆಗೂ ಮೇಷ್ಟ್ರು ಬಂದರು, ಬೆವರು ಒರೆಸಿಕೊಂಡು ಸೀಟಿ ಊದಿದರು. ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿಯೇ ಇತ್ತು. ಹೊಳೆನರಸೀಪುರದ ಹುಡುಗರು ಜಿಂಕೆಗಳ ಹಾಗೆ ಓಡುತ್ತಿದ್ದರು. ನಾವು ಓಡದೇ ಇರುವ ಜಾಗದಲ್ಲಿ ಬುದ್ಧಿವಂತಿಕೆಯಿಂದ ನಿಂತಿದ್ದೆವು. ಅಷ್ಟರಲ್ಲಿ ಅವರ ಕಡೆಯವನೊಬ್ಬ ನಮ್ಮ ತಲೆಗಳ ಮೇಲಿಂದ ಉದ್ದಕ್ಕೆ ಒಂದು ಬಾಲು ಎತ್ತಿ ಹಾಕಿದ. ಅದು ನನ್ನ ಹಿಂದೆ ಬಿದ್ದು, ಪುಟಿಯುತ್ತ ನಮ್ಮ ಗೋಲಿನ ಕಡೆಗೇ ಹೊರಟಿತು. ನಾನು ತಿರುಗಿ ಅದರ ಬೆನ್ನಿಗೆ ಓಡಿದೆ. ಎದುರಿನಿಂದ ಭಾಮೈದ ಎರಡು ಕೈಯನ್ನೂ ಚಾಚಿಕೊಂಡು ಓಡಿ ಬರುತ್ತಿದ್ದ. ಬರುತ್ತ ಬರುತ್ತ ಕಾಯಿ ಮಂಡಿಯಲ್ಲಿ ಹರಾಜು ಕೂಗುವ ಗಂಟಲಲ್ಲಿ ಅರಚಿದ:

"ಬುಡಿ ಬಾವ! ಬುಡಿ!"

ಈಗ ನೀವೇ ನ್ಯಾಯ ಹೇಳಿ. ನಮ್ಮ ಕಡೆ 'ಬುಡು' ಅಂದರೆ ಏನು? ಗೋಲಿ ಆಡುವಾಗ 'ಬುಡ್ಲಾ ಒಂದು' ಅಂದರೆ ಗುರಿ ನೋಡಿ ಹೊಡಿ ಅಂತ. ಕ್ರಿಕೆಟ್ಟಿನಲ್ಲಿ ಅಂದರೆ ಸಿಕ್ಸರ್ ಎತ್ತು ಅಂತ. ಜಗಳದಲ್ಲಿ 'ಒಂದ್ ಬುಟ್ಟ ಅಂದ್ರೆ' ಅಂದರೆ ಕೆನ್ನೆ ಊದುತ್ತದೆ ಅಂತ. ಹುಟ್ಟಿದಾಗಿನಿಂದ ಇದನ್ನೇ ಕೇಳಿ ಬೆಳೆದವನು ನಾನು. ಹೊಡಿ ಅಂದ, ಹೊಡೆದೆ. ಬಾಲನ್ನು ಪಕ್ಕಕ್ಕೆ, ಗೆರೆಯಾಚೆ ಅಟ್ಟಬೇಕು ಅಂತ ಲೆಕ್ಕ. ಅದು ಬೂಟಿನ ಹೊರಮೈಗೆ ತಗುಲಿ, ಬಿಲ್ಲಿನ ಹಾಗೆ ಬಾಗಿ, ಚಾಚಿದ್ದ ಅವನ ಎರಡು ಕೈಗಳನ್ನೂ ದಾಟಿ, ನಮ್ಮದೇ ಗೋಲಿನ ಮೂಲೆಗೆ ಹೋಗಿ ಬಲೆ ಅಲ್ಲಾಡಿಸಿತು. ಆಣೆ ಮಾಡಿ ಹೇಳುತ್ತೇನೆ, ಅಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಒದ್ದಿರಲಿಲ್ಲ.

ಗೆರೆಯ ಪಕ್ಕ ಸ್ಕೂಟರ್ ನಿಲ್ಲಿಸಿಕೊಂಡು ನೋಡುತ್ತಿದ್ದ ಮುದುಕರೊಬ್ಬರು ಬಹಳ ಮರ್ಯಾದೆಯಿಂದ, "ಏನ್ ಒಡುದ್ರಿ ಸಾ! ಆದ್ರೆ ಅದು ನಿಮ್ದೇ ಅಲ್ವರಾ?" ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅರ್ಧ ಆಟ ಮುಗಿದಾಗ ನೀರು ಕುಡಿಯುವುದನ್ನೂ ಬಿಟ್ಟು ಪಂಚಾಯಿತಿ ಕೂತೆವು.

"ಬುಡಿ ಅಂದ್ನಲ್ಲ ಬಾವ! ನಂಗೆ ಬುಡಿ ಅಂತ! ಮಂಡೀಲಿ ಲಾರಿ ಮ್ಯಾಲಿರೋನ್ಗೆ ಅಂಗೇ ಅನ್ನಾದು. ಕಾಯಿ ಬುಡು, ನಾನ್ ಇಡ್ಕತೀನಿ ಅಂತ."

"ನಾನೂ ಬಿಟ್ಟೆನಲ್ಲೋ! ಹಿಡ್ಕೊಂಡೆಯಾ? ಲಾರಿ ಕಾಯಿ ಹಿಡಿಯೋ ಕೈಗೆ ಒಂದು ಬಾಲು ಹಿಡಿಯೋಕೆ ಆಗಲಿಲ್ಲವಾ?"

"ಕಾಯ ಯಾರಾದ್ರೂ ಒದ್ದು ಬುಡ್ತರಾ ಬಾವ?"

ನನ್ನ ಮೈ ಉರಿದುಹೋಯಿತು. ಅಷ್ಟು ಸಾಲದು ಅಂತ ರೆಫರಿ ಮೇಷ್ಟ್ರು ಬಾಟಲಿ ಕೆಳಗಿಟ್ಟು, "ನಿಮ್ಮ ಆಟಗಾರರೇ ಒದ್ದು ಕೊಟ್ಟದ್ದನ್ನ ಕೀಪರ್ ಕೈಯಲ್ಲಿ ಹಿಡಿದಿದ್ರೂ ಫೌಲೇ ಕಣ್ರಪ್ಪ" ಎಂದು ಪಾಠ ಶುರು ಮಾಡಿದರು. ಈ ಮನುಷ್ಯ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಈ ಪಾಠ ಮೊದಲೇ ಆಗುತ್ತಿರಲಿಲ್ಲವೇ ಅನ್ನುವ ಮಾತು ನಾಲಿಗೆ ತುದಿಗೆ ಬಂತು. ಅದನ್ನೂ ನುಂಗಿದೆ.

ಕೊನೆಗೆ ಭಾಮೈದನೇ ಕಾನೂನು ಮಾಡಿದ. "ಆಯ್ತು, ಇನ್ಮ್ಯಾಕೆ 'ಬುಡಿ' ಅಂದ್ರೆ ಯಾರೂ ಬಾಲ್ ಮುಟ್ಟಂಗಿಲ್ಲ. ಒಡೀಬೇಕು ಅಂದ್ರೆ 'ಒಡಿ' ಅಂತೀನಿ."

ಹಾಫ್‌ಬ್ಯಾಕ್ ಆಡುವ ಬಸ್ ಕಂಡಕ್ಟರ್ ತಕ್ಷಣ ಎದ್ದು ನಿಂತ. "ಅದಾಗಾಕಿಲ್ಲ. ನೀನು ಅರಚಾವಾಗ 'ಒಡಿ' ಅನ್ನಾದು 'ಓಡಿ' ಅಂತ ಕೇಳ್ಸತ್ತೆ. ಓದ್ ಸಲ ನಾನು ಅಂಗೇ ಬಾಲ್ ಬುಟ್ಟು ಓಡ್ಬುಟ್ಟಿದ್ದೆ."

ನೋಡಿ, ಹಕಾರ ಒಂದನ್ನು ಬಾಯಲ್ಲಿ ಆಡುವುದಕ್ಕೆ ಸೋಮಾರಿತನ ಪಟ್ಟು ನಮ್ಮ ಟೀಮು ಎಲ್ಲಿಗೆ ಬಂದು ನಿಂತಿದೆ! 'ಒಡಿ' ರದ್ದಾಯಿತು. 'ಬುಡಿ' ಒಂದೇ ಉಳಿಯಿತು. ಬುಡಿ ಅಂದರೆ ಮುಟ್ಟಬಾರದು. ನನ್ನ ಕೈಲಿ ಮೂರು ಸಲ ಹೇಳಿಸಿದರು, ಒಂದನೇ ಕ್ಲಾಸಿನ ಮಗುವಿಗೆ ಹೇಳಿಸಿದ ಹಾಗೆ. ಹೇಳಿದೆ.

ಎರಡನೇ ಅರ್ಧದಲ್ಲಿ ಹೊಳೆಯ ಕಡೆಯಿಂದ ಗಾಳಿ ಎದ್ದಿತು. ಯಾರ ಬಾಲೂ ಯಾರ ಕಾಲಿಗೂ ಸರಿಯಾಗಿ ಸಿಗಲಿಲ್ಲ. ಅವರಿಗೆ ನಮ್ಮದೇ ಒಂದು ಗೋಲು ಸಿಕ್ಕಿತ್ತು, ಅದನ್ನು ಕಾಪಾಡಿಕೊಂಡರೆ ಸಾಕಾಗಿತ್ತು. ಬಿಸಿಲು ಕೆಂಪಾಗುತ್ತ ಬಂದಾಗ ನಮ್ಮ ಫಾರ್ವರ್ಡ್ ನನ್ನ ಬಳಿ ಬಂದು, "ನಾನು ಹೊರಟೆ ಅಣ್ಣ" ಅಂದ. ನಮ್ಮಲ್ಲಿ ಬದಲಿ ಆಟಗಾರ ಅಂತ ಯಾರೂ ಇರಲಿಲ್ಲ. ಬರಬೇಕಾದವನು ಸಂಬಂಧಿಕರ ಬೀಗರ ಊಟಕ್ಕೆ ಹೋಗಿದ್ದ.

"ಮುಂದಕ್ಕೆ ಯಾರು ಹೋಗ್ತಾರೆ?" ಅಂತ ಕೇಳಿದೆ.

"ನೀವೇ ಓಗಿ ಬಾವ," ಎಂದು ಭಾಮೈದ ಹಿಂದಿನಿಂದ ಕೂಗಿದ. "ಇಲ್ಲಿದ್ರೆ ಇನ್ನೊಂದು ಒಡ್ದೀರಿ."

ಎಲ್ಲರೂ ನಕ್ಕರು. ನಮ್ಮವರು ನಕ್ಕರು, ಅವರೂ ನಕ್ಕರು, ಮೇಷ್ಟ್ರು ಸೀಟಿ ಬಾಯಲ್ಲಿಟ್ಟುಕೊಂಡೇ ನಕ್ಕದ್ದರಿಂದ ಅದು ಪೀಂ ಅಂತು. ಹಲ್ಲು ಕಚ್ಚಿಕೊಂಡು, ಕಾಲೆಳೆಯುತ್ತ ಮುಂದಕ್ಕೆ ಹೋದೆ. ಅಷ್ಟು ವರ್ಷದಲ್ಲಿ ಎದುರು ಪಕ್ಷದ ಗೋಲನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಮ್ಮ ಫಾರ್ವರ್ಡ್ ಆ ಗೋಲಿನ ಪಕ್ಕದಲ್ಲೇ, ಗೆರೆಯಾಚೆ ಹುಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದ್ದ. ಚಪಾತಿ, ಪಲ್ಯ. ವಾಸನೆ ನನ್ನವರೆಗೂ ಬರುತ್ತಿತ್ತು.

ಕೊನೆಯ ಗಳಿಗೆ. ಕಂಡಕ್ಟರ್ ಬಲಗಡೆಯಿಂದ ಬಾಲನ್ನು ಹೇಗೋ ತಳ್ಳಿಕೊಂಡು ಬಂದ. ಅವರ ಕೀಪರ್ ಅವನ ಮೇಲೆ ಬಿದ್ದ. ಇಬ್ಬರೂ ಒಬ್ಬರ ಮೇಲೊಬ್ಬರು ಉರುಳಿದರು. ಬಾಲು ಮಾತ್ರ ಆ ಗಲಾಟೆಯಿಂದ ತಾನಾಗಿ ಜಾರಿ, ಮೆಲ್ಲಗೆ, ತುಂಬ ಮೆಲ್ಲಗೆ, ನನ್ನ ಕಡೆ ಉರುಳಿ ಬಂತು. ನನ್ನ ಮುಂದೆ ಖಾಲಿ ಗೋಲು. ಕೀಪರ್ ಇಲ್ಲ, ಬ್ಯಾಕ್ ಇಲ್ಲ, ಒಂದು ನಾಯಿಯೂ ಇಲ್ಲ. ನಮ್ಮ ಅಂಗಡಿಯ ಶಟರಿಗಿಂತ ಎರಡು ಪಾಲು ಅಗಲ. ಕಾಲು ತಾಗಿಸಿದ್ದರೆ ಸಾಕಿತ್ತು.

ಮೈದಾನದ ಆ ತುದಿಯಿಂದ, ಗಾಳಿಯನ್ನೂ ಸೀಳಿಕೊಂಡು, ಭಾಮೈದನ ಹರಾಜಿನ ಗಂಟಲು ಕೇಳಿಸಿತು:

"ಬುಡಿ ಬಾವ! ಬುಡೀ!"

ನಾನು ಕಾಲೆತ್ತಿದೆ. ಬಾಲು ನನ್ನ ಬೂಟಿನ ಕೆಳಗಿನಿಂದ ಹಾದು, ಗೋಲಿನ ಕಂಬದ ಪಕ್ಕದಲ್ಲೇ ಆಚೆ ಹೋಗಿ, ಪಲ್ಯದ ಡಬ್ಬಿಗೆ ತಗುಲಿ ನಿಂತಿತು. ನಮ್ಮ ಫಾರ್ವರ್ಡ್ ತುತ್ತನ್ನು ಬಾಯಿ ಹತ್ತಿರ ಹಿಡಿದುಕೊಂಡೇ ಬಾಲನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಬಾಲನ್ನು ನೋಡಿದ. ಮೇಷ್ಟ್ರು ಸೀಟಿ ಊದಿ ಆಟ ಮುಗಿಸಿದರು.

ಆಮೇಲೆ ನಡೆದದ್ದನ್ನು ಬರೆಯುವುದಕ್ಕೂ ಬೇಜಾರು. ಭಾಮೈದ ಅಷ್ಟುದ್ದ ಮೈದಾನವನ್ನು ಓಡಿ ಬಂದ. ಆಟದಲ್ಲಿ ಒಂದು ದಿನವೂ ಹಾಗೆ ಓಡಿದವನಲ್ಲ.

"ಒಡೀರಿ ಅಂತ ತಾನೇ ಕೂಗಿದ್ದು ಬಾವ! ಕಾಲ್ ಯಾಕೆತ್ತುದ್ರಿ?"

"ನೀನು ಕೂಗಿದ್ದು ಬುಡಿ ಅಂತ! ಬುಡಿ ಅಂದರೆ ಮುಟ್ಟಬಾರದು ಅಂತ ಕಾನೂನು ಮಾಡಿದ್ದು ಯಾರು? ನಿಮ್ಮಪ್ಪನಾ?"

"ಆ ಕಾನೂನು ನಮ್ ಗೋಲ್ ತಾವ ಬಾವ! ಅವ್ರ ಗೋಲ್ ತಾವ ಅಲ್ಲ!"

ಒಂದೇ ಮೈದಾನದಲ್ಲಿ ಎರಡು ಊರಿನ ಕಾನೂನಂತೆ. ಇದನ್ನು ಯಾವಾಗ ಹೇಳಿದ್ದ ಅವನು? ಯಾರಿಗೆ ಹೇಳಿದ್ದ? ನಿಮ್ಮಪ್ಪ ಅಂದದ್ದು ನನ್ನ ಮಾವನನ್ನೇ ಎಂಬುದು ಬಾಯಿಂದ ಬಿದ್ದ ಮೇಲೆ ಹೊಳೆಯಿತು. ಅಷ್ಟರಲ್ಲಿ ಅವನು ಆಗಲೇ ಫೋನು ಕಿವಿಗಿಟ್ಟುಕೊಂಡು ಬೈಕಿನ ಕಡೆ ನಡೆಯುತ್ತಿದ್ದ.

ವಾಪಸು ಬರುವಾಗ ಕಾರಿನಲ್ಲಿ ನಾನು, ಪಕ್ಕದಲ್ಲಿ ಹೊಟ್ಟೆ ತುಂಬಿದ ಫಾರ್ವರ್ಡ್. ದಾರಿಯುದ್ದಕ್ಕೂ ನಾನು ಭಾಮೈದನ ಜನ್ಮ ಜಾಲಾಡುತ್ತ ಬಂದೆ. ಅವನು ಹೂಂ, ಹೂಂ ಎನ್ನುತ್ತಿದ್ದ. ಊರು ಹತ್ತಿರವಾದಾಗ ಮೆತ್ತಗೆ ಒಂದು ಮಾತು ತೆಗೆದ.

"ಅಣ್ಣ, ತಪ್ಪು ತಿಳೀಬೇಡಿ. ನಾನು ಪಕ್ಕದಲ್ಲೇ ಇದ್ದೆನಲ್ಲ. ನೀವು ಕಾಲು ಎತ್ತಿದ ಮೇಲೆ ಅವನು ಕೂಗಿದ ಹಾಗಿತ್ತು."

"ಚಪಾತಿ ತಿನ್ನೋನಿಗೆ ಏನೋ ಕಾಣುತ್ತೆ?" ಎಂದು ಜೋರು ಮಾಡಿದೆ. ಅವನನ್ನು ಅವನ ಮನೆ ಮುಂದೆ ಇಳಿಸಿ, ನಾನು ನಮ್ಮ ಬೀದಿಗೆ ಕಾರು ತಿರುಗಿಸಿದೆ.

ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದೆ. ಒಳಗಿನಿಂದ ಈ ಸಲ 'ಒಡುದ್ರಾ?' ಬರಲಿಲ್ಲ. ಹೆಂಡತಿಯೇ ಹೊಸ್ತಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಒಡುದ್ರಂತೆ?"

"ನಮ್ಮ ಗೋಲಿಗೆ ಕಣೇ."

"ಯಾರ್ ಗೋಲಾದ್ರೇನು? ಆಣೆ ಆಕಾವಾಗ ಯಾವ ಕಡೆ ಅಂತ ಏನೂ ಅಂದಿರ್ನಿಲ್ವಲ್ಲ."

ಅವಳು ಹೇಳಿದ್ದು ಸರಿ. ನಾನು ಅಂದದ್ದು 'ಒಂದು ಗೋಲು' ಅಂತ ಅಷ್ಟೇ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಭಾನುವಾರವನ್ನು ನಾನೇ ಒದ್ದು ಬಲೆಗೆ ಹಾಕಿದ್ದೆ.

"ಅದು ಲೆಕ್ಕಕ್ಕೆ ಬರಲ್ಲ," ಅಂದೆ.

"ಇನ್ನೊಂದು ಸಿಕ್ಕಿತ್ತಂತೆ. ಸುಮ್ಕೆ ಬುಟ್ರಂತೆ?"

"ನಿನ್ನ ತಮ್ಮ ಬುಡಿ ಅಂತ ಅರಚಿದ, ಬಿಟ್ಟೆ. ಇನ್ನೇನು ಮಾಡಲಿ?"

"ನನ್ ತಮ್ಮ ಏಳಿದ್ದನ್ನ ನೀವು ಯಾವತ್ತು ಕೇಳಿದ್ರಿ?"

ನಾನು ಬೂಟಿನ ದಾರದ ಗಂಟು ಬಿಡಿಸುತ್ತಲೇ ಇದ್ದೆ. ಬಲಗಾಲಿನ ಬೂಟು ಊತದಿಂದ ಬರುತ್ತಿರಲಿಲ್ಲ. ಅವಳು ನನ್ನ ಮಂಡಿಯನ್ನು ನೋಡಿದಳು. ಆಮೇಲೆ ಬಗ್ಗಿ, ಹಿಮ್ಮಡಿ ಹಿಡಿದು ಬೂಟನ್ನು ಎಳೆದು ತೆಗೆದಳು. ಅದನ್ನು ಮೂಲೆಗಿಟ್ಟು ಒಳಗೆ ಹೋದಳು. ಪಾತ್ರೆಯ ಸದ್ದು, ನಲ್ಲಿಯ ಸದ್ದು. ನಾನು ಜಗಲಿಯ ಮೇಲೆ ಕೂತು, ಮುಂದಿನ ಭಾನುವಾರದಿಂದ ಸಂಜೆ ಹೊತ್ತು ಏನು ಮಾಡಬಹುದು ಎಂದು ಯೋಚಿಸಲು ನೋಡಿದೆ. ಒಂದೂ ಹೊಳೆಯಲಿಲ್ಲ.

ಅವಳು ತಿರುಗಿ ಬಂದದ್ದು, ನನ್ನೆದುರು ನಿಂತದ್ದು ನನ್ನ ಗಮನಕ್ಕೆ ಬಂದದ್ದೇ ಅವಳು ಬಾಯಿ ತೆರೆದಾಗ.

"ಬುಡಿ," ಅಂದಳು.

ಅಷ್ಟೇ. ಬೆಳಗಿನಿಂದ ನುಂಗಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

"ಯಾವ ಬುಡಿ? ಹೇಳು! ಹೊಡಿ ಅಂತಾನೋ, ಮುಟ್ಟಬೇಡ ಅಂತಾನೋ, ಆಟಾನೇ ಬಿಡು ಅಂತಾನೋ? ನಿಮ್ಮ ಮನೆಯವರಿಗೆಲ್ಲ ಇದೊಂದೇ ಮಾತು ಕಲಿಸಿರೋದಾ? ಏನು ಬಿಡಬೇಕು ಅಂತ ಬಾಯಿ ಬಿಟ್ಟು ಹೇಳೇ!"

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಅವಳು ಕಾಲಿನಿಂದ ಒಂದು ಬಕೆಟ್ಟನ್ನು ನನ್ನ ಕಡೆ ತಳ್ಳಿದಳು. ಆಗಲೇ ನಾನು ಅದನ್ನು ನೋಡಿದ್ದು. ಆವಿ ಏಳುತ್ತಿತ್ತು. ತಳದಲ್ಲಿ ಕಲ್ಲುಪ್ಪು ಇನ್ನೂ ಕರಗಿರಲಿಲ್ಲ.

"ಕಾಲು," ಅಂದಳು. "ಬಿಸ್ನೀರಿಗೆ ಕಾಲು ಬುಡಿ. ಮುಂದಿನ್ ವಾರ ಮ್ಯಾಚು ಆಸನದಾಗಂತೆ. ಅಷ್ಟ್ರಾಗೆ ಊತ ಇಳೀಬೇಕಲ್ಲ."

ನೀರು ಸಿಕ್ಕಾಪಟ್ಟೆ ಬಿಸಿಯಿತ್ತು. ಬಾಯಿ ಮುಚ್ಚಿಕೊಂಡು ಬಿಟ್ಟೆ.